ಕಮ್ಯುನಿಟಿ ಕಾಲೇಜಿನ ಪೀರ್ ಟ್ಯೂಟರಿಂಗ್: ಯಾವಾಗ ಹೋಗಬೇಕು, ಏನು ಒಯ್ಯಬೇಕು, ಟ್ಯೂಟರ್ ಆಗುವುದು ಹೇಗೆ

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ (ಮುಖ್ಯವಾಗಿ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜುಗಳು) ದಾಖಲಾದ ವಿದ್ಯಾರ್ಥಿಗಳಿಗೆ ಪೀರ್ ಟ್ಯೂಟರಿಂಗ್ ಸಾಮಾನ್ಯವಾಗಿ ಉಚಿತ. ಅದೇ ಕೋರ್ಸನ್ನು ಹಿಂದೆ ಓದಿ ಎ ಅಥವಾ ಬಿ ಗ್ರೇಡ್ ಪಡೆದ ವಿದ್ಯಾರ್ಥಿಗಳೇ ಪಕ್ಕದಲ್ಲಿ ಕುಳಿತು ನೆರವಾಗುತ್ತಾರೆ. ಆದರೂ ನಮ್ಮವರಲ್ಲಿ ಅನೇಕರು, ಅದರಲ್ಲೂ ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಯ ಕುಟುಂಬದವರಿಗೆ ಕೊಡುವ ವೀಸಾ) ಬಂದು ಹತ್ತು ವರ್ಷದ ಮೇಲೆ ಮತ್ತೆ ಓದಿಗೆ ಕೂತವರು, ಓದಿನಲ್ಲಿ ಹಿಂದುಳಿದವರು ಹೋಗುವ ಜಾಗ ಅದು ಎಂದುಕೊಂಡು ದೂರ ಉಳಿಯುತ್ತಾರೆ. ಆ ಸಂಕೋಚ ಬೇಡ. ಎ ಗ್ರೇಡ್ ಉಳಿಸಿಕೊಂಡು ದೊಡ್ಡ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬೇಕೆನ್ನುವವರೂ ಅಲ್ಲಿಗೆ ಬರುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಂತೂ ಇದರ ಅಗತ್ಯ ಹೆಚ್ಚಿದೆ. 2017ರ ಎಬಿ 705 ಎಂಬ ರಾಜ್ಯದ ಕಾಯ್ದೆ, ಅದರ ಹಿಂದೆಯೇ 2022ರ ಎಬಿ 1705 ಬಂದ ಮೇಲೆ, ತಳಪಾಯ ಗಟ್ಟಿ ಮಾಡುತ್ತಿದ್ದ ರೆಮಿಡಿಯಲ್ ತರಗತಿಗಳು ಬಹುಮಟ್ಟಿಗೆ ನಿಂತುಹೋಗಿವೆ. ಹೆಚ್ಚಿನವರು ನೇರವಾಗಿ, ವಿಶ್ವವಿದ್ಯಾಲಯದಲ್ಲೂ ಲೆಕ್ಕಕ್ಕೆ ಬರುವ ಟ್ರಾನ್ಸ್‌ಫರ್ ಮಟ್ಟದ ಗಣಿತ, ಇಂಗ್ಲಿಷ್‌ಗೇ ಸೇರುತ್ತಾರೆ. ಮರೆತುಹೋದ ಪಾಠವನ್ನು ಕೋರ್ಸ್ ಓಡುತ್ತಿರುವಾಗಲೇ ತುಂಬಿಕೊಳ್ಳಬೇಕು.

ಟ್ಯೂಟರಿಂಗ್ ಸೆಂಟರ್ ಎಲ್ಲಿದೆ ಎಂಬುದು ಕೋರ್ಸಿನ ಸಿಲಬಸ್‌ನಲ್ಲಿ ಅಥವಾ ಕ್ಯಾನ್ವಾಸ್ ಎಂಬ ಕೋರ್ಸಿನ ಆನ್‌ಲೈನ್ ತಾಣದಲ್ಲಿ ಸಿಗುತ್ತದೆ. ಗಣಿತ-ವಿಜ್ಞಾನಕ್ಕೆ ಒಂದು, ಬರವಣಿಗೆಗೆ ಇನ್ನೊಂದು ಎಂದು ಬೇರೆ ಬೇರೆ ಇರುವುದೂ ಉಂಟು. ಕ್ಯಾಲಿಫೋರ್ನಿಯಾದ ಹಲವು ಕಾಲೇಜುಗಳು ಮೊದಲ ಭೇಟಿಯಲ್ಲಿ ಟ್ಯೂಟರಿಂಗ್ ಹೆಸರಿನ ನಾನ್-ಕ್ರೆಡಿಟ್ ಕೋರ್ಸಿಗೆ ಸೇರಿಸಿಕೊಳ್ಳುತ್ತವೆ. ಬಂದಾಗ, ಹೋಗುವಾಗ ಐಡಿ ನಮೂದಿಸಲು ಹೇಳುತ್ತವೆ. ಗಾಬರಿ ಬೇಡ. ಅದಕ್ಕೆ ಶುಲ್ಕವಿಲ್ಲ, ಜಿಪಿಎ (ಗ್ರೇಡುಗಳ ಸರಾಸರಿ) ಮೇಲೆ ಪರಿಣಾಮವೂ ಇಲ್ಲ. ಆ ಗಂಟೆಗಳ ಲೆಕ್ಕದ ಮೇಲೆಯೇ ಕಾಲೇಜಿಗೆ ರಾಜ್ಯದ ಅನುದಾನ ಬರುತ್ತದೆ.

ಎರಡನೆಯ ವಾರದಲ್ಲೇ ಒಮ್ಮೆ ಹೋಗಿ ಬನ್ನಿ. ಕ್ಯುಪರ್ಟಿನೋದ ಡಿ ಆಂಜಾದಂಥ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಪರೀಕ್ಷೆ ಸೇರಿ ಒಟ್ಟು 12 ವಾರ ಅಷ್ಟೆ. ಮೊದಲ ಮಿಡ್‌ಟರ್ಮ್ ಕೆಟ್ಟ ಮೇಲೆ ಎಚ್ಚೆತ್ತರೆ ಕಾಲು ಭಾಗಕ್ಕೂ ಹೆಚ್ಚು ಮುಗಿದಿರುತ್ತದೆ. ಮಿಡ್‌ಟರ್ಮ್ ವಾರದಲ್ಲಿ ಡ್ರಾಪ್-ಇನ್ (ಮುಂಗಡ ಬುಕಿಂಗ್ ಇಲ್ಲದೆ ಬರುವ) ಮೇಜುಗಳ ಸುತ್ತ ಜನ ತುಂಬಿರುತ್ತಾರೆ, ಒಬ್ಬೊಬ್ಬರಿಗೆ ಐದು-ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಕಷ್ಟದ ಕೋರ್ಸ್ ಇದ್ದರೆ ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಟ್ಯೂಟರ್ ಜೊತೆ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಬರಲಾಗದಿದ್ದರೆ ರದ್ದು ಮಾಡಿ. ಹೇಳದೆ ತಪ್ಪಿಸಿದವರಿಗೆ ಕೆಲವು ಕಡೆ ಬುಕಿಂಗನ್ನೇ ನಿಲ್ಲಿಸುತ್ತಾರೆ.

ಬರಿಗೈಲಿ ಹೋಗಿ 'ಅಧ್ಯಾಯ ನಾಲ್ಕು ಅರ್ಥವಾಗಿಲ್ಲ' ಎಂದರೆ ಅರ್ಧ ಗಂಟೆ ಹಾಗೇ ಹೋಗುತ್ತದೆ. ಎರಡು-ಮೂರು ಲೆಕ್ಕ ಆರಿಸಿ, ನೀವೇ ಬಿಡಿಸಲು ಯತ್ನಿಸಿದ ಹಾಳೆ ಒಯ್ಯಿರಿ. ಎಲ್ಲಿ ನಿಂತಿತೋ ಆ ಸಾಲಿನ ಕೆಳಗೆ ಗೆರೆ ಎಳೆದಿರಲಿ. ತಪ್ಪು ಬಿಡಿಸಿದ್ದನ್ನು ಅಳಿಸಬೇಡಿ, ಟ್ಯೂಟರ್‌ಗೆ ಬೇಕಾದದ್ದು ಅದೇ. ಪ್ರೊಫೆಸರ್ ತರಗತಿಯಲ್ಲಿ ಬಳಸಿದ ವಿಧಾನದ ನೋಟ್ಸ್ ಕೂಡ ಜೊತೆಗಿರಲಿ, ಇಲ್ಲದಿದ್ದರೆ ಟ್ಯೂಟರ್ ಬೇರೆ ದಾರಿಯಲ್ಲಿ ಹೇಳಿಕೊಟ್ಟು ಪರೀಕ್ಷೆಯಲ್ಲಿ ಗೊಂದಲವಾಗುತ್ತದೆ.

ಕುಳಿತ ಮೇಲೆ ಪೆನ್ನು ನಿಮ್ಮ ಕೈಯಲ್ಲೇ ಇರಬೇಕು. ಟ್ಯೂಟರ್ ಸರಸರನೆ ಬಿಡಿಸುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ, ಮನೆಗೆ ಬಂದು ಕೂತರೆ ಮೊದಲ ಸಾಲೂ ಹೊಳೆಯುವುದಿಲ್ಲ. ಅವರು ಒಂದು ಹೆಜ್ಜೆ ಹೇಳಿದರೆ ಮುಂದಿನದನ್ನು ನೀವು ಬರೆಯಿರಿ, ಏಕೆ ಎಂದು ಬಾಯಿಬಿಟ್ಟು ಹೇಳಿ. ಕೊನೆಯ ಹತ್ತು ನಿಮಿಷ ಅದೇ ಜಾತಿಯ ಹೊಸ ಲೆಕ್ಕವನ್ನು ಸಹಾಯವಿಲ್ಲದೆ ಬಿಡಿಸಿ. ಇದೊಂದನ್ನು ಬಿಟ್ಟರೆ ಭೇಟಿಯ ಫಲ ಅರ್ಧಕ್ಕೆ ಇಳಿದಂತೆ.

ಕ್ಯಾಲ್ಕ್ಯುಲಸ್‌ನಲ್ಲಿ ಅಂಕ ಹೋಗುವುದು ಹೆಚ್ಚಾಗಿ ಕ್ಯಾಲ್ಕ್ಯುಲಸ್‌ನಿಂದಲ್ಲ, ಹಳೆಯ ಬೀಜಗಣಿತದಿಂದ. (5 + 3)² ಅಂದರೆ 64. ಬಿಡಿಬಿಡಿಯಾಗಿ ವರ್ಗ ಮಾಡಿ ಕೂಡಿದರೆ 34 ಬರುತ್ತದೆ. ಅಕ್ಷರಗಳು ಬಂದಾಗ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ −3² ಅಂದರೆ −9, (−3)² ಅಂದರೆ 9. ಇಂಥವು ಎರಡು ಬಾರಿ ಕಂಡರೆ, ಮುಂದಿನ ಭೇಟಿಯನ್ನು ಬೀಜಗಣಿತಕ್ಕೇ ಮೀಸಲಿಡಲು ಟ್ಯೂಟರ್‌ಗೆ ಹೇಳಿ.

ಪ್ರಬಂಧ ಒಯ್ಯುವಾಗ ಪ್ರೊಫೆಸರ್ ಕೊಟ್ಟ ಪ್ರಶ್ನೆಯ ಹಾಳೆ ಕಡ್ಡಾಯ. ಸಲ್ಲಿಸುವ ಹಿಂದಿನ ರಾತ್ರಿಯಲ್ಲ, ಕನಿಷ್ಠ ಮೂರು ದಿನ ಮೊದಲು ಹೋಗಿ, ಏಕೆಂದರೆ ಪ್ರಶ್ನೆಗೇ ಉತ್ತರ ಬಂದಿಲ್ಲವೆಂದು ಗೊತ್ತಾದರೆ ಮತ್ತೆ ಬರೆಯಬೇಕಾಗುತ್ತದೆ. ಟ್ಯೂಟರ್ ಪ್ರತಿ ಸಾಲಿನ ವ್ಯಾಕರಣ ತಿದ್ದಿ ಕೊಡುವುದಿಲ್ಲ. ಪದೇ ಪದೇ ಆಗುವ ಒಂದೆರಡು ತಪ್ಪುಗಳನ್ನು ತೋರಿಸುತ್ತಾರೆ. ಕನ್ನಡದಲ್ಲಿ ಯೋಚಿಸಿ ಬರೆಯುವವರಿಗೆ 'ಎ', 'ದಿ' ಎಂಬ ಆರ್ಟಿಕಲ್‌ಗಳೇ ಹೆಚ್ಚು ಕಾಡುತ್ತವೆ. ಅವನ್ನೇ ಮೊದಲು ಕೇಳಿ.

ರಾತ್ರಿ ಹೊತ್ತಿಗೆ ಹಲವು ಕಾಲೇಜುಗಳು ನೆಟ್‌ಟ್ಯೂಟರ್‌ನಂಥ ಆನ್‌ಲೈನ್ ಸೇವೆ ಕೊಡುತ್ತವೆ. ತುರ್ತಿಗೆ ಸರಿ, ಆದರೆ ಅಲ್ಲಿರುವವರಿಗೆ ನಿಮ್ಮ ಪ್ರೊಫೆಸರ್ ಪರಿಚಯ ಇರುವುದಿಲ್ಲ.

ಚೆನ್ನಾಗಿ ಓದಿದ ಕೋರ್ಸಿಗೆ ನೀವೇ ಟ್ಯೂಟರ್ ಆಗಬಹುದು. ಸಾಮಾನ್ಯವಾಗಿ ಆ ಕೋರ್ಸಿನಲ್ಲಿ ಎ ಅಥವಾ ಬಿ ಮತ್ತು ಪ್ರೊಫೆಸರ್ ಶಿಫಾರಸು ಕೇಳುತ್ತಾರೆ. ಟ್ಯೂಟರ್ ತರಬೇತಿಯನ್ನು ಪ್ರಮಾಣೀಕರಿಸುವ ಸಿಆರ್‌ಎಲ್‌ಎ ಸಂಸ್ಥೆಯ ಮಾನ್ಯತೆ ಇರುವ ಸೆಂಟರ್ ಆದರೆ 10 ಗಂಟೆ ತರಬೇತಿ ಮತ್ತು 25 ಗಂಟೆ ಟ್ಯೂಟರಿಂಗ್ ಪೂರೈಸಿದವರಿಗೆ ಮೊದಲ ಹಂತದ ಪ್ರಮಾಣಪತ್ರ ಸಿಗುತ್ತದೆ.

ಸಂಬಳದ ವಿಚಾರದಲ್ಲಿ ವೀಸಾ ನೋಡಿಕೊಳ್ಳಿ. ಎಫ್-1 ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು, ಆದರೆ ಫೆಡರಲ್ ವರ್ಕ್-ಸ್ಟಡಿ (ಓದುತ್ತ ದುಡಿಯುವವರಿಗೆ ಕೇಂದ್ರ ಸರ್ಕಾರದ ನೆರವು) ಹಣದ ಹುದ್ದೆಗಳು ಅವರಿಗಿಲ್ಲ. ಅರ್ಜಿ ಹಾಕುವಾಗಲೇ ಹುದ್ದೆಯ ಹಣ ಯಾವುದೆಂದು ಕೇಳಿ. ಕೆಲಸದ ಪತ್ರ ಕೈಗೆ ಬಂದ ಮೇಲೆ ಇಂಟರ್‌ನ್ಯಾಷನಲ್ ಆಫೀಸಿನ ಪತ್ರವನ್ನೂ ಪಡೆದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಹೋಗಬೇಕು. ಎಚ್-4ನವರು ಓದಬಹುದು, ಇಎಡಿ (ಕೆಲಸದ ಪರವಾನಗಿ ಕಾರ್ಡ್) ಇಲ್ಲದೆ ದುಡಿಯುವಂತಿಲ್ಲ. ಇತರರಿಗೆ ಸಂಬಳ ಕೊಡುವ ಹುದ್ದೆಯಲ್ಲಿ 'ಸುಮ್ಮನೆ ಉಚಿತವಾಗಿ ಮಾಡುತ್ತೇನೆ' ಎಂದು ಕೂರುವುದೂ ಅಪಾಯ. ಒಪ್ಪಿಕೊಳ್ಳುವ ಮುನ್ನ ವಲಸೆ ವಕೀಲರನ್ನು ಕೇಳಿ.