ಬ್ಯಾಡ್ಜ್ ಹೇಳದ್ದನ್ನು ರಕ್ತದಲ್ಲಿ ಹುಡುಕುವ ಕೆಲಸ

ಎರಕದ ಒಳಗೆ ಬಿರುಕಿದೆಯೇ ಎಂದು ನೋಡಲು ಇರಿಡಿಯಂ-192ರ ಗಾಮಾ ಕಿರಣ ಬಳಸುತ್ತಾರೆ. ಫೌಂಡ್ರಿಗಳ ಊರಾದ ಬೆಳಗಾವಿಯಲ್ಲೂ ಈ ಕೆಲಸ ಮಾಡುವವರಿದ್ದಾರೆ. ಅಣುಸ್ಥಾವರದ ಕಾರ್ಮಿಕರ ಹಾಗೆ ಇವರ ಎದೆಯ ಮೇಲೂ ತಗುಲಿದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಆದರೆ ಬ್ಯಾಡ್ಜ್ ಜಾಸ್ತಿ ತೋರಿಸಿದರೆ ಕಿರಣ ತಗುಲಿದ್ದು ಮನುಷ್ಯನಿಗೋ, ಎಲ್ಲೋ ಮರೆತು ಬಿಟ್ಟ ಬ್ಯಾಡ್ಜಿಗೋ? ಅದನ್ನು ರಕ್ತದ ಕ್ರೋಮೋಸೋಮ್ ಹೇಳುತ್ತದೆ.

ನಾನು ಕ್ರೋಮೋಸೋಮ್ ಲ್ಯಾಬ್‌ನವಳು. ಒಪ್ಪಿಗೆ ಕೊಟ್ಟವರ ರಕ್ತದಲ್ಲಿ, ಕಲಿಯುವುದಕ್ಕೆಂದೇ ಈ ಪರೀಕ್ಷೆ ಮಾಡಿದೆ.

ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬ್‌ನಲ್ಲೇ ತೆಗೆಯಬೇಕು. ಬಿಳಿ ರಕ್ತಕಣ ಸುಮ್ನೆ ಒಂದು ಎರಡಾಗಿ ವಿಭಜನೆಯಾಗುವುದಿಲ್ಲ. ವಿಭಜನೆಗೆ ಪ್ರಚೋದಿಸುವ ಪಿಎಚ್ಎ ಹಾಕಿ, 37 ಡಿಗ್ರಿಯಲ್ಲಿ 48 ಗಂಟೆ ಬೆಳೆಸುತ್ತೇನೆ. ಅದಕ್ಕಿಂತ ತಡವಾದರೆ ಕೋಶ ಎರಡನೇ ಸಲ ವಿಭಜನೆಯಾಗಿ, ಹುಡುಕುವ ಗುರುತೇ ಎಷ್ಟೋ ಕಳೆದುಹೋಗುತ್ತದೆ. ಕೊನೆಯ ಗಂಟೆಗಳಲ್ಲಿ ಕಾಲ್ಸಿಮಿಡ್ ಹಾಕಿ ಕೋಶವನ್ನು ಅಲ್ಲೇ ನಿಲ್ಲಿಸಿ, ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಉಬ್ಬಿಸಿ, ಸ್ಲೈಡಿಗೆ ಬಿಡುತ್ತೇನೆ. ನಮ್ಮ ಮಳೆಗಾಲದಲ್ಲಿ ಸ್ಲೈಡ್ ನಿಧಾನ ಒಣಗಿ ಕ್ರೋಮೋಸೋಮ್ ಚದುರುತ್ತದೆ. ಬೇಸಿಗೆಯಲ್ಲಿ ಬೇಗ ಒಣಗಿ ಒಂದರ ಮೇಲೊಂದು ಬೀಳುತ್ತದೆ. ಹವೆ ನೋಡಿಯೇ ಕೈ ಹಾಕಬೇಕು.

ಹುಡುಕುವುದು ಡೈಸೆಂಟ್ರಿಕ್ ಅನ್ನು. ಮುರಿದ ಎರಡು ಕ್ರೋಮೋಸೋಮ್ ತಪ್ಪಾಗಿ ಬೆಸೆದು ಒಂದಕ್ಕೇ ಎರಡು ಸೊಂಟ (ಸೆಂಟ್ರೋಮಿಯರ್) ಬಂದಿರುತ್ತದೆ. ಪಕ್ಕದಲ್ಲಿ ಸೊಂಟವಿಲ್ಲದ ತುಂಡು ಸಿಗಬೇಕು. ಸಿಗದಿದ್ದರೆ ಎರಡು ಕ್ರೋಮೋಸೋಮ್ ಸುಮ್ನೆ ತಾಗಿರಬಹುದು, ಮತ್ತೆ ನೋಡುತ್ತೇನೆ.

ಕಿರಣದ ಹತ್ತಿರ ಹೋಗದವರಲ್ಲೂ 1000 ಕೋಶಕ್ಕೆ ಒಂದೆರಡು ಸಿಗುತ್ತವೆ. 1 ಗ್ರೇ (ದೇಹ ಹೀರಿದ ಕಿರಣದ ಅಳತೆ) ಒಮ್ಮೆಲೇ ತಗುಲಿದರೆ 100 ಕೋಶಕ್ಕೇ ಎಂಟು-ಹತ್ತು ಬರುತ್ತವೆ. ಸುಮಾರು 0.1 ಗ್ರೇಗಿಂತ ಕಡಿಮೆಯಾದರೆ ಈ ಪರೀಕ್ಷೆಗೆ ಕಾಣುವುದಿಲ್ಲ. ಕೆಲಸದವರಿಗೆ ನಮ್ಮ ದೇಶದಲ್ಲಿ ವರ್ಷದ ಮಿತಿ 30 ಮಿಲಿಸೀವರ್ಟ್, ಗಾಮಾ ಕಿರಣಕ್ಕೆ ಅದು ಸುಮಾರು 0.03 ಗ್ರೇ. ಅಂದರೆ ಮಿತಿಯೊಳಗೆ ಇದ್ದವರಿಗೆ ಇದರಿಂದ ಏನೂ ತಿಳಿಯದು. ‘ಸಿಗಲಿಲ್ಲ’ ಅಂದರೆ ‘ತಗುಲಲಿಲ್ಲ’ ಅಂತಲ್ಲ. ಇದನ್ನು ಎಲ್ಲರಿಗೂ ಮೊದಲೇ ಹೇಳುತ್ತೇನೆ.

ರಕ್ತ ಕೊಟ್ಟ ಒಬ್ಬರು ಕೇಳಿದರು: “ಮೇಡಂ, ಇದು ನನ್ನ ಮಕ್ಕಳಿಗೂ ಬರ್ತೈತೇನ್ರಿ?” ಇಲ್ಲ ಎಂದೆ. ನಾವು ನೋಡಿದ್ದು ರಕ್ತದ ಕೋಶ, ಅದು ಮಕ್ಕಳಿಗೆ ಹೋಗುವುದಿಲ್ಲ. ಒಂದು ಡೈಸೆಂಟ್ರಿಕ್ ಸಿಕ್ಕರೆ ಅದೇ ಕಾಯಿಲೆಯೂ ಅಲ್ಲ. ಅವರಿಗೆ ಇದನ್ನು ಯಾರೂ ಕೂತು ಹೇಳಿರಲಿಲ್ಲ, ನನಗೆ ಬೇಜಾರಾದದ್ದು ಅದಕ್ಕೆ.

ಬ್ಯಾಡ್ಜ್ ಜಾಸ್ತಿ ಬಂದರೆ ಬೇಗ ರಕ್ತ ಕೊಡಿ. ಈ ಗುರುತು ವರ್ಷಗಳು ಕಳೆದಂತೆ ಕಡಿಮೆಯಾಗುತ್ತದೆ. ಹಳೆಯದಾದರೆ ಕ್ರೋಮೋಸೋಮಿಗೆ ಹೊಳೆಯುವ ಬಣ್ಣ ಹಚ್ಚುವ ಫಿಶ್ ಪರೀಕ್ಷೆಯಲ್ಲಿ ಟ್ರಾನ್ಸ್‌ಲೊಕೇಶನ್, ಅಂದರೆ ತುಂಡುಗಳು ಅದಲುಬದಲಾದದ್ದನ್ನು, ಹುಡುಕಬೇಕಾಗುತ್ತದೆ.