ಮೋಟರ್ ಕದಲಬಾರದು, ಬ್ಯಾಟರಿ ಕದಲಬೇಕು

ಮಾದರಿ ದೋಣಿ ಒಂದು ಕಡೆ ವಾಲಿತು ಅಂದರೆ ಮೋಟರನ್ನು ಸರಿಸಲು ಹೋಗುವವರು ಜಾಸ್ತಿ. ನಾನು ಅದನ್ನು ಮುಟ್ಟುವುದಿಲ್ಲ. ಮೋಟರ್ ಎಲ್ಲಿ ಕೂರಬೇಕು ಅಂತ ಪ್ರೊಪೆಲರ್ ಶಾಫ್ಟ್, ಅಂದರೆ ಮೋಟರಿನಿಂದ ಹಿಂದಿನ ಪಂಕಕ್ಕೆ ಹೋಗುವ ತಿರುಗುವ ಸರಳು, ಹೇಳುತ್ತದೆ. ತೂಕದ ಆಟವೆಲ್ಲ ಬ್ಯಾಟರಿಯದು.

ಈ ಸಲ ಕಟ್ಟಿದ್ದು 60 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ದೋಣಿಯ ಮಾದರಿ. ನೀರಲ್ಲಿ 5 ಸೆಂ.ಮೀ. ಮುಳುಗಬೇಕು. ಮೂರನ್ನೂ ಗುಣಿಸಿದರೆ 5,400. ಆದರೆ ದೋಣಿ ಪೆಟ್ಟಿಗೆ ಅಲ್ಲವಲ್ಲ, ಅದರಲ್ಲಿ 60% ಹಿಡಿದೆ. ಒಂದು ಘನ ಸೆಂ.ಮೀ. ನೀರು ಒಂದು ಗ್ರಾಂ. ಹಾಗಾಗಿ ದೋಣಿಯ ಪೂರ್ತಿ ತೂಕ 3.2 ಕೆ.ಜಿ. ಸುತ್ತಮುತ್ತ ಇರಬೇಕು.

ಶಾಫ್ಟಿನ ಇಳಿಜಾರು 10 ಡಿಗ್ರಿ ದಾಟಬಾರದು ಅನ್ನುವುದು ನನ್ನ ನಿಯಮ. ಜಾಸ್ತಿಯಾದರೆ ಪ್ರೊಪೆಲರ್ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಮೂತಿ ನೀರಿಗಿಳಿಯುತ್ತದೆ. ಇನ್ನು ಮೋಟರ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿರಬೇಕು. ಕಣ್ಣಳತೆ ಇಲ್ಲಿ ನಡೆಯದು. ಎರಡನ್ನೂ ಜೋಡಿಸುವ ಕೊಂಡಿಯಾದ ಕಪ್ಲಿಂಗ್ ಬದಲು ಮೊದಲು ಎರಡಕ್ಕೂ ಸೇರಿಸಿ ಒಂದು ಬಿಗಿಯಾದ ಹಿತ್ತಾಳೆ ಕೊಳವೆ ತೊಡಿಸುತ್ತೇನೆ. ಆಗ ಮೋಟರ್ ತಾನಾಗಿಯೇ ಗೆರೆಗೆ ಬರುತ್ತದೆ. ಹಾಗೇ ಇಟ್ಟು ಅದರ ಕೆಳಗಿನ ಕಟ್ಟಿಗೆಯನ್ನು ಎಪಾಕ್ಸಿಯಿಂದ ಅಂಟಿಸುತ್ತೇನೆ. ಒಣಗಿದ ಮೇಲೆ ಕೊಳವೆ ತೆಗೆದು ಕಪ್ಲಿಂಗ್ ಹಾಕಿದರಾಯಿತು. ಬೆರಳಲ್ಲಿ ತಿರುಗಿಸಿದಾಗ ಎಲ್ಲೂ ಹಿಡಿಯಬಾರದು. ಹಿಡಿದರೆ ಸದ್ದೂ ಜಾಸ್ತಿ, ಬ್ಯಾಟರಿಯೂ ಬೇಗ ಖಾಲಿ.

ತೂಕ ನೋಡುವುದು ಹಿತ್ತಲಿನ ಟಾಕಿಯಲ್ಲಿ. ಹುಬ್ಬಳ್ಳಿಯಲ್ಲಿ ನಳದ ನೀರು ಬಂದ ದಿನವೇ ಅದು ಕಂಠಮಟ್ಟ ತುಂಬಿರುವುದು. "ಏನ್ರೀ, ಬಳಸೋ ನೀರದು" ಅಂತ ಮನೆಯಲ್ಲಿ ಬೈಗುಳ ಇದ್ದದ್ದೇ. ದೋಣಿಯ ಹೊರಗೆ ನೀರಿನ ಗೆರೆ ಮೊದಲೇ ಎಳೆದಿರುತ್ತೇನೆ. ಬ್ಯಾಟರಿಯನ್ನು ತಳದಲ್ಲಿ ಸುಮ್ನೆ ಇಟ್ಟು, ಮುಂದೆ ಹಿಂದೆ ಸರಿಸುತ್ತಾ ಗೆರೆ ನೀರಿಗೆ ಸಮ ಬರುವವರೆಗೆ ನೋಡುತ್ತೇನೆ. ಆಮೇಲೆ ಪೆನ್ಸಿಲ್ ಗುರುತು ಹಾಕಿ ಅಲ್ಲೇ ವೆಲ್ಕ್ರೊ. ಇನ್ನೂ ಮುಳುಗಬೇಕಿದ್ದರೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಳಕ್ಕೇ ಇಡುತ್ತೇನೆ. ಮೇಲೆ ಇಟ್ಟರೆ ದೋಣಿ ತೊಟ್ಟಿಲಾಡುತ್ತದೆ.

ಒಂದು ಬದಿಯನ್ನು ಬೆರಳಿಂದ ಒತ್ತಿ ಬಿಡಿ. ಥಟ್ಟನೆ ಎದ್ದು ನಿಂತರೆ ಸರಿ. ನಿಧಾನ ಮಾಡಿದರೆ ಮೇಲುಭಾರ ಅಂತ ಅರ್ಥ, ಕ್ಯಾಬಿನ್ ಹಗುರ ಮಾಡಬೇಕು. ಇದನ್ನು ಕ್ಯಾಬಿನ್ ಕೂರಿಸಿಯೇ ನೋಡಬೇಕು. ಉಣಕಲ್ ಕೆರೆಗೆ ಒಯ್ಯುವುದು ಇಷ್ಟೆಲ್ಲ ಆದಮೇಲೆ, ಅದೂ ಬೆಳಿಗ್ಗೆ ಗಾಳಿ ಏಳುವ ಮುಂಚೆ.