ಡ್ರೈಯರ್ ಪಿಎಲ್‌ಸಿಯ ಕೇಬಲ್‌ಗೆ ಟ್ಯಾಪ್ ಹಾಕಿದ ನನ್ನ ಅನುಭವ

ಪಿಎಲ್‌ಸಿ ಎಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್; ಅದರ ಕೇಬಲ್‌ನಲ್ಲಿ ಓಡುವ ಸಂದೇಶಗಳ ನಕಲು ಕೊಡುವ ಡಬ್ಬಿಯೇ ಟ್ಯಾಪ್. ಕೇಬಲ್‌ನ ನಡುವೆ ಈ ಡಬ್ಬಿ ಕೂರಿಸಿದರೆ ಭತ್ತ ಒಣಗಿಸುವ ಡ್ರೈಯರ್ ಎಂದಾದರೂ ಕೈಕೊಡುತ್ತದೆ ಎಂದು ದಾವಣಗೆರೆಯ ಆ ಅಕ್ಕಿ ಗಿರಣಿಯ ಎಲೆಕ್ಟ್ರಿಷಿಯನ್ ಹೇಳಿದ್ದರು. ನೆಟ್‌ವರ್ಕ್ ಸ್ವಿಚ್‌ನಲ್ಲಿ ಉಳಿದ ಪೋರ್ಟ್‌ಗಳ ದಟ್ಟಣೆಯನ್ನು ನಕಲಿಸಿಕೊಡುವ ಮಿರರ್ ಪೋರ್ಟ್ ಇರುವಾಗ ಟ್ಯಾಪ್‌ಗೇಕೆ ದುಡ್ಡು ಸುರಿಯಬೇಕು ಎಂದು ಪ್ಯಾನೆಲ್ ಕಟ್ಟಿಕೊಟ್ಟವರು ನಕ್ಕಿದ್ದರು. ಆ ಡಬ್ಬಿ ಈಗ ಎರಡು ಸುಗ್ಗಿ ದಾಟಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ತಪ್ಪು ನನ್ನದೇ. ನೆಟ್‌ವರ್ಕ್‌ನಲ್ಲಿ ಏನೇನಿದೆ ಎಂದು ತಿಳಿಯುವ ಅವಸರದಲ್ಲಿ ಪ್ರತಿ ಸಾಧನವನ್ನೂ ತಟ್ಟಿ ನೋಡುವ ಎನ್‌ಮ್ಯಾಪ್ ತಂತ್ರಾಂಶ ಓಡಿಸಿದೆ, ಹಳೆಯ ಪಿಎಲ್‌ಸಿಯ ಈಥರ್ನೆಟ್ ಮಾಡ್ಯೂಲ್ ಅಲ್ಲಿಗೇ ಸ್ತಬ್ಧವಾಯಿತು. ಭದ್ರಾ ನಾಲೆಯ ಭತ್ತ ಲಾರಿಗಟ್ಟಲೆ ಬಂದು ನಿಂತಿದ್ದ ದಿನವೇ ಡ್ರೈಯರ್ ಸುಮಾರು ಮುಕ್ಕಾಲು ಗಂಟೆ ನಿಂತಿತು. ಮಾಲೀಕರು ನನ್ನ ಬಿಲ್ಲಿನಲ್ಲಿ ಎಂಟು ಸಾವಿರ ಮುರಿದುಕೊಂಡರು.

ಬಳಿಕ ಮಿರರ್ ಪೋರ್ಟ್ ಹಿಡಿದೆ. ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ, ಪಿಎಲ್‌ಸಿ ಮಾತನಾಡುವ ಭಾಷೆಯಾದ ಮಾಡ್‌ಬಸ್‌ನ ಸಾಲುಗಳು ಚೆನ್ನಾಗಿಯೇ ಕಂಡವು, ಆದರೆ ಪ್ರಶ್ನೆಗೂ ಅದರ ಉತ್ತರಕ್ಕೂ ಒಂದೇ ಆಗಿರುವ ಟ್ರಾನ್ಸಾಕ್ಷನ್ ಸಂಖ್ಯೆಗಳನ್ನು ಜೋಡಿಸಿ ನೋಡಿದಾಗ ನೂರಕ್ಕೆ ಏಳೆಂಟು ಉತ್ತರಗಳಿಗೆ ಪ್ರಶ್ನೆಯೇ ಇರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದೇನೆಂದರೆ, ಯಾರೋ ಸಿಸಿಟಿವಿ ಕ್ಯಾಮೆರಾಗಳನ್ನೂ ಅದೇ ಸ್ವಿಚ್‌ಗೆ ಚುಚ್ಚಿದ್ದರು. ಎಲ್ಲ ಪೋರ್ಟ್‌ಗಳ ದಟ್ಟಣೆಯನ್ನೂ 100 ಎಂಬಿಪಿಎಸ್‌ನ ಒಂದೇ ಪೋರ್ಟ್‌ಗೆ ತುರುಕಿದಾಗ ಹಿಡಿಸದ ಪ್ಯಾಕೆಟ್‌ಗಳನ್ನು ಸ್ವಿಚ್ ಸದ್ದಿಲ್ಲದೆ ಚೆಲ್ಲುತ್ತಿತ್ತು. ನಡುವೆ ಗುಜರಿಯಿಂದ ಮುನ್ನೂರು ರೂಪಾಯಿಗೆ ತಂದ ಹಳೆಯ ಹಬ್ (ಬಂದದ್ದನ್ನು ಎಲ್ಲ ಪೋರ್ಟ್‌ಗಳಿಗೂ ಹಂಚುವ ಡಬ್ಬಿ) ಒಂದನ್ನೂ ಪರೀಕ್ಷಿಸಿದೆ. ಅದು ಹಾಫ್ ಡ್ಯುಪ್ಲೆಕ್ಸ್ (ಒಂದು ಸಲಕ್ಕೆ ಒಂದೇ ದಿಕ್ಕಿನ ಮಾತು) ಆದ್ದರಿಂದ ಡಿಕ್ಕಿಗಳೇ ಹೆಚ್ಚಾಗಿ, ಆಪರೇಟರ್ ಪರದೆಯ ಮೇಲೆ ಕೆಂಪು ದೀಪ ಮಿಣಕತೊಡಗಿತು. ಅರ್ಧ ತಾಸಿನಲ್ಲೇ ಬಿಚ್ಚಿಟ್ಟೆ.

ಟ್ಯಾಪ್‌ಗೆ ಮೂವತ್ತು ಸಾವಿರದ ಮೇಲಾಯಿತು. ಎಲ್ಲ ಕೇಬಲ್‌ಗಳಿಗೂ ಹಾಕುವ ಶಕ್ತಿ ಗಿರಣಿಗೂ ಇರಲಿಲ್ಲ, ಅಗತ್ಯವೂ ಇರಲಿಲ್ಲ; ಪಿಎಲ್‌ಸಿಯೊಂದಿಗೆ ಯಾರು ಮಾತನಾಡಿದರೂ ಸ್ವಿಚ್‌ನಿಂದ ಪಿಎಲ್‌ಸಿಗೆ ಹೋಗುವ ಆ ಒಂದು ಕೇಬಲ್ ಹಾಯಲೇಬೇಕು. ಸುಗ್ಗಿ ಮುಗಿದು ಗಿರಣಿ ನಿಂತ ದಿನ ಕೂರಿಸಿ, ಎಲೆಕ್ಟ್ರಿಷಿಯನ್ನರ ಎದುರೇ ಟ್ಯಾಪ್‌ನ ಕರೆಂಟ್ ಕಿತ್ತು ತೋರಿಸಿದೆ: ಪಿಎಲ್‌ಸಿಯ ಲಿಂಕ್ ದೀಪ ಹಾಗೇ ಉರಿಯುತ್ತಿತ್ತು. ಟ್ಯಾಪ್ ಎರಡೂ ದಿಕ್ಕುಗಳನ್ನು ಬೇರೆಬೇರೆಯಾಗಿ ಕೊಡುವುದರಿಂದ ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೆರಡು ನೆಟ್‌ವರ್ಕ್ ಕಾರ್ಡ್ ಬೇಕಾದವು. ಉಳಿದ ಕಡೆಗೆ ಮಿರರ್ ಪೋರ್ಟೇ ಇದೆ, ಕ್ಯಾಮೆರಾಗಳನ್ನು ಮಾತ್ರ ಬೇರೆ ಸ್ವಿಚ್‌ಗೆ ಅಟ್ಟಿದ್ದೇನೆ.

ಮೂರನೆಯ ವಾರ ಫಲ ಸಿಕ್ಕಿತು. ರಾತ್ರಿ ಪಾಳಿಯಲ್ಲಿ ಡ್ರೈಯರ್‌ನ ತಾಪಮಾನದ ಸೆಟ್‌ಪಾಯಿಂಟ್ (ಗೊತ್ತುಪಡಿಸಿದ ಮಟ್ಟ) ತಾನಾಗಿಯೇ ಬದಲಾಗುತ್ತಿದೆ ಎಂದು ಆಪರೇಟರ್‌ಗಳು ಒಬ್ಬರ ಮೇಲೊಬ್ಬರು ದೂರುತ್ತಿದ್ದರು. ಕಂಡದ್ದು ಫಂಕ್ಷನ್ ಕೋಡ್ 6ರ, ಅಂದರೆ ಪಿಎಲ್‌ಸಿಯ ಒಂದು ರಿಜಿಸ್ಟರ್‌ಗೆ (ಮೌಲ್ಯ ಇಡುವ ಜಾಗಕ್ಕೆ) ಬರೆಯುವ ಆಜ್ಞೆಯ, ಒಂದೇ ಒಂದು ಬರಹ, ಅದೂ ಆಫೀಸಿನ ಲೆಕ್ಕದ ಕಂಪ್ಯೂಟರ್‌ನ ವಿಳಾಸದಿಂದ! ಅದರಲ್ಲಿದ್ದ ಉತ್ಪಾದನಾ ವರದಿಯ ತಂತ್ರಾಂಶ ರೀಸ್ಟಾರ್ಟ್ ಆದಾಗಲೆಲ್ಲ ತನ್ನ ಹಳೆಯ ಮೌಲ್ಯವನ್ನೇ ಆ ರಿಜಿಸ್ಟರ್‌ಗೆ ಬರೆಯುತ್ತಿತ್ತು. ಮಾಡ್‌ಬಸ್‌ಗೆ ಗುರುತು ಕೇಳುವ ಅಭ್ಯಾಸವೇ ಇಲ್ಲದ್ದರಿಂದ ಪಿಎಲ್‌ಸಿ ಅದನ್ನು ಒಪ್ಪಿಕೊಳ್ಳುತ್ತಿತ್ತು. ಮಾಲೀಕರು ಆ ಎಂಟು ಸಾವಿರವನ್ನು ತಾವಾಗಿಯೇ ಹಿಂದಿರುಗಿಸಿದರು.

ಈಗ ಬರೆಯುವ ಆಜ್ಞೆಗಳಿಗಷ್ಟೇ ಎಚ್ಚರಿಕೆ ಇಟ್ಟಿದ್ದೇನೆ. ಸುಳ್ಳು ಎಚ್ಚರಿಕೆಗಳನ್ನು ವಾರಕ್ಕೆ ಒಂದೆರಡಕ್ಕೆ ಇಳಿಸಿದ ಉಪಾಯ ನನ್ನ ಹೊಟ್ಟೆಪಾಡಿನದು, ಅದನ್ನಿಲ್ಲಿ ಬಿಚ್ಚಿಡಲಾರೆ. ಬಾಯ್ಲರ್ ಕಡೆಯ ಮೀಟರ್‌ಗಳು ಮಾತ್ರ ಈಥರ್ನೆಟ್ ಅಲ್ಲದ ಆರ್‌ಎಸ್-485 ಎಂಬ ಬೇರೆ ಬಗೆಯ ತಂತಿಯಲ್ಲಿವೆ, ಅವುಗಳ ಮಾತು ಈ ಟ್ಯಾಪ್‌ಗೆ ಕೇಳಿಸುವುದಿಲ್ಲ. ಅದಕ್ಕೆ ಬೇಸಿಗೆ ಭತ್ತದ ಗಲಾಟೆ ಮುಗಿದ ಮೇಲೆ ಕೈ ಹಾಕಬೇಕು.